ಮಕ್ಕಳಿಗೆ ಮುಂದಿನ ಸೀಟಿನ ಬಡ್ತಿ ಯಾವಾಗ? ಪಾರ್ಕಿಂಗಿನಲ್ಲೇ ಮಾಡಿ ನೋಡುವ ಪರೀಕ್ಷೆ

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಶನಿವಾರ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಸಾಕು. ಮಕ್ಕಳನ್ನು ಕಾರಿನಲ್ಲಿ ಹೇಗೆಲ್ಲ ಕೂರಿಸಬಾರದು ಅನ್ನುವುದಕ್ಕೆ ಪುಕ್ಕಟೆ ಪ್ರದರ್ಶನ ನಡೆಯುತ್ತಿರುತ್ತದೆ. ಒಂದು ಕಾರಿನಲ್ಲಿ ಮೂರು ವರ್ಷದ ಮಗು ಮುಂದೆ ಅಜ್ಜಿಯ ತೊಡೆ ಮೇಲೆ. ಇನ್ನೊಂದರಲ್ಲಿ ಎರಡನೇ ಕ್ಲಾಸಿನ ಹುಡುಗ ಡ್ಯಾಶ್‌ಬೋರ್ಡ್ ಹಿಡಿದು ನಿಂತಿದ್ದಾನೆ. ಬೆಲ್ಟ್ ಹಾಕಿದೆ, ಆದರೆ ಅವನ ಬೆನ್ನ ಹಿಂದೆ. ಇಲ್ಲದಿದ್ದರೆ ಕಾರು ಟಿಂಗ್ ಟಿಂಗ್ ಅಂತ ತಲೆ ತಿನ್ನುತ್ತದಂತೆ. ಮೂರನೆಯವರು ಒಳ್ಳೆ ದುಡ್ಡು ಕೊಟ್ಟು ಚೈಲ್ಡ್ ಸೀಟ್ ತಂದಿದ್ದಾರೆ. ಕಟ್ಟಿರುವುದು ಮಾತ್ರ ಮುಂದಿನ ಸೀಟಿಗೆ, ಏರ್‌ಬ್ಯಾಗಿನ ಎದುರಿಗೇ. "ಪಾಪು ಕಣ್ಣೆದುರಿಗೆ ಇರುತ್ತೆ ಸಾರ್" ಅಂದರು.

ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಎಷ್ಟು ವರ್ಷ ಆದ ಮೇಲೆ ಮುಂದೆ ಕೂರಿಸಬಹುದು?

ನನ್ನ ಉತ್ತರ: 13 ತುಂಬುವ ತನಕ ಹಿಂದೆಯೇ. ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುವುದೂ ಇದನ್ನೇ. 13 ಆಯಿತು ಅಂತ ಹುಟ್ಟುಹಬ್ಬದ ಮಾರನೇ ದಿನವೇ ಮುಂದೆ ಕೂರಿಸಿ ಅಂತಲೂ ಅಲ್ಲ. ಕೆಳಗೆ ಹೇಳುವ ಬೆಲ್ಟ್ ಪರೀಕ್ಷೆ ಪಾಸಾಗಬೇಕು. ವಯಸ್ಸು ಬೆಲ್ಟಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಗೊತ್ತಿರುವುದು ಮೈಯಳತೆ ಮಾತ್ರ.

ಕಾನೂನು ಏನು ಹೇಳುತ್ತದೆ ಅಂತ ಕೇಳಬಹುದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ 194ಬಿ ಅನ್ನುವ ಕಲಂ ಸೇರಿತು. 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಚೈಲ್ಡ್ ಸೀಟೋ ಇಲ್ಲದೆ ಕಾರು ಓಡಿಸಿದರೆ ಕಾಯ್ದೆಯ ಪ್ರಕಾರ 1000 ರೂಪಾಯಿ ದಂಡ. ಮುಂದೆಯೋ ಹಿಂದೆಯೋ ಅನ್ನುವ ಬಗ್ಗೆ ಆ ಕಲಂ ತುಟಿ ಬಿಚ್ಚುವುದಿಲ್ಲ. ಕೇರಳದ ಸಾರಿಗೆ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಮಕ್ಕಳ ಸೀಟನ್ನು ಕಡ್ಡಾಯ ಮಾಡಲು ಹೊರಟಿತ್ತು. ಜನ ಗಲಾಟೆ ಮಾಡಿದರು, ಮಂತ್ರಿಗಳು ಹಿಂದೆ ಸರಿದರು. ಹಾಗಾಗಿ ಪೊಲೀಸರು ಹಿಡಿಯುತ್ತಾರೆ ಅನ್ನುವ ಭಯದಿಂದ ಈ ಕೆಲಸ ಆಗುವುದಿಲ್ಲ.

ಭಯ ಬೇಕಿದ್ದರೆ ಏರ್‌ಬ್ಯಾಗಿನದ್ದು ಇರಲಿ. ಅದು ಮೆತ್ತನೆ ದಿಂಬು ಅಂತ ತುಂಬ ಜನ ತಿಳಿದಿದ್ದಾರೆ. ಉಬ್ಬಿ ಮುಗಿದ ಮೇಲೆ ಮೆತ್ತಗೆ, ನಿಜ. ಉಬ್ಬುವಾಗ ಅಲ್ಲ. ಕಣ್ಣು ಮಿಟುಕಿಸುವುದರೊಳಗೆ, ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಅದು ಹೊರಗೆ ನುಗ್ಗುತ್ತದೆ. ಬೆಲ್ಟ್ ಹಾಕಿ, ಸೀಟಿಗೆ ಒರಗಿ ಕೂತ ದೊಡ್ಡವರ ಎದೆಯ ಲೆಕ್ಕಕ್ಕೆ ಅದನ್ನು ಮಾಡಿರುವುದು. ಆ ಎತ್ತರದಲ್ಲಿ ಮಗುವಿನ ಎದೆ ಇರುವುದಿಲ್ಲ, ಮುಖ ಮತ್ತು ಕೊರಳು ಇರುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಂದೆ ಅಮ್ಮನ ತೊಡೆ ಮೇಲಿದ್ದ ಎರಡು ವರ್ಷದ ಮಗು ಹೀಗೇ ಹೋಯಿತು. ಅದೇ ಡಿಸೆಂಬರ್‌ನಲ್ಲಿ ನವಿ ಮುಂಬೈನ ವಾಶಿಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಹುಡುಗ.

ಹಂತ 1: ಮೊದಲು ಕಾರನ್ನು ಓದಿ

ಮುಂದಿನ ಸೀಟಿನ ಸನ್ ವೈಸರ್ ಕೆಳಗಿಳಿಸಿ. ಮಗುವಿನ ಸೀಟು, ಉಬ್ಬಿದ ಏರ್‌ಬ್ಯಾಗ್, ಮೇಲೊಂದು ಅಡ್ಡಗೆರೆಯ ಚಿತ್ರ ಇದೆಯಾ? ಹಾಗಿದ್ದರೆ ಹಿಂದಕ್ಕೆ ಮುಖ ಮಾಡುವ ಮಗುವಿನ ಸೀಟು ಅಲ್ಲಿಗೆ ಬರಕೂಡದು, ಅಷ್ಟೇ. 2021ರ ಕೊನೆಯ ನಂತರ ತಯಾರಾದ ಕಾರುಗಳಲ್ಲಿ ಮುಂದಿನ ಪ್ರಯಾಣಿಕರಿಗೂ ಏರ್‌ಬ್ಯಾಗ್ ಕಡ್ಡಾಯ. "ನಮ್ಮದು ಬೇಸ್ ಮಾಡೆಲ್, ಇರಲ್ಲ" ಅಂತ ಊಹೆ ಮಾಡಬೇಡಿ.

ಆಮೇಲೆ ಹಿಂದಿನ ಸೀಟಿನಲ್ಲಿ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಗೆ ಕೈ ಹಾಕಿ. ಬೆರಳಿಗೆ ಎರಡು ತಣ್ಣನೆ ಕಬ್ಬಿಣದ ಕಂಬಿ ಸಿಕ್ಕರೆ ಅದೇ ಐಸೋಫಿಕ್ಸ್, ಅಂದರೆ ಮಗುವಿನ ಸೀಟನ್ನು ನೇರವಾಗಿ ಕಾರಿಗೆ ಸಿಕ್ಕಿಸುವ ಕೊಂಡಿ. ಸಿಕ್ಕಿತಾ, ಖುಷಿ ಪಡಿ. ನಿಮ್ಮ ಅರ್ಧ ಕೆಲಸ ಮುಗಿಯಿತು.

ಹಂತ 2: ಮಗುವನ್ನು ಅಳೆಯಿರಿ

ಎತ್ತರ, ತೂಕ. ಚಪ್ಪಲಿ ಬಿಚ್ಚಿಸಿ. ಹಿಮ್ಮಡಿ ನೆಲಕ್ಕೆ ತಾಗಿದೆಯಾ ನೋಡಿ, ನನ್ನ ಮಗಳು ಮೋಸ ಮಾಡುತ್ತಾಳೆ.

ಹಂತ 3: ಅಳತೆಗೆ ತಕ್ಕ ಸೀಟು

ಕೂಸುಗಳು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಯುರೋಪಿನ ಹೊಸ ನಿಯಮ, ಅಂದರೆ ಆರ್129, ಕನಿಷ್ಠ 15 ತಿಂಗಳ ತನಕ ಅನ್ನುತ್ತದೆ. ನಾನು ಎರಡು ವರ್ಷ ಅನ್ನುತ್ತೇನೆ, ಸೀಟಿನಲ್ಲಿ ಹಿಡಿಸಿದರೆ ಇನ್ನೂ ಜಾಸ್ತಿ. ಕಾಲು ಮಡಚಿಕೊಳ್ಳುತ್ತೆ ಪಾಪ ಅಂತ ಮರುಗಬೇಡಿ, ಮಕ್ಕಳು ಮನೆಯಲ್ಲೂ ಹಾಗೇ ಕೂರುವುದು ಅಲ್ವಾ? ಆಮೇಲೆ ಸುಮಾರು 18 ಕೆಜಿ ಆಗುವವರೆಗೆ ಮುಂದಕ್ಕೆ ಮುಖ, ಐದು ಕಡೆ ಹಿಡಿಯುವ ಪಟ್ಟಿ. ಪಟ್ಟಿ ಬಿಗಿದ ಮೇಲೆ ಹೆಗಲ ಹತ್ತಿರ ಅದನ್ನು ಚಿವುಟಿ ನೋಡಿ. ಬೆರಳ ನಡುವೆ ಮಡಿಕೆ ಸಿಕ್ಕರೆ ಸಡಿಲ ಇದೆ ಅಂತ ಅರ್ಥ. ಅಲ್ಲಿಂದ ಮುಂದಕ್ಕೆ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕಾರಿನ ಬೆಲ್ಟೇ ಸರಿಯಾಗಿ ಕೂರುವಂತೆ ಮಾಡುವ ಸೀಟು. ಬೆನ್ನಿರುವ ಬೂಸ್ಟರನ್ನೇ ತನ್ನಿ. ನಿದ್ದೆ ಬಂದಾಗ ತಲೆ ವಾಲುವುದಕ್ಕೆ ಜಾಗ ಬೇಕು.

ಕೊಳ್ಳುವಾಗ ಸೀಟಿನ ಮೇಲೆ ಯುರೋಪಿನ ಹಳೆ ನಿಯಮದ ಆರ್44/04, ಹೊಸ ನಿಯಮದ ಆರ್129 ಅಥವಾ ನಮ್ಮ ದೇಶದ ಎಐಎಸ್-072 ಅನ್ನುವ ಗುರುತು ಹುಡುಕಿ. ಇಲ್ಲದಿದ್ದರೆ ಅದು ಸೀಟಲ್ಲ, ಬಟ್ಟೆ ಸುತ್ತಿದ ಸ್ಪಂಜು. ಆನ್‌ಲೈನಿನಲ್ಲಿ ಎಂಟುನೂರು ರೂಪಾಯಿಗೆ ಸಿಗುತ್ತವಲ್ಲ, ಸೀಟಿನ ಬೆನ್ನಿಗೆ ಎರಡು ಲಾಡಿ ಕಟ್ಟುವ 'ಪೋರ್ಟಬಲ್ ಬೇಬಿ ಕಾರ್ ಸೀಟ್'ಗಳು, ಅಂಥವು ಬೇಡ. ನಾನೂ ಒಂದು ತಂದಿದ್ದೆ. ಕೈಯಿಂದ ಎಳೆದಿದ್ದಕ್ಕೇ ಹೊಲಿಗೆ ಬಿಟ್ಟಿತು. ಈಗ ಬೆಕ್ಕು ಅದರಲ್ಲಿ ಮಲಗುತ್ತದೆ.

ತೊಡೆ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ತೀನಿ ಅನ್ನುವವರಿಗೆ ಒಂದು ಲೆಕ್ಕ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ಡಿಕ್ಕಿಯಾಗಿ, ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಲ್ಲಿ ನಿಂತಿತು ಅಂತಿಟ್ಟುಕೊಳ್ಳಿ. 10 ಕೆಜಿಯ ಕೂಸನ್ನು ಹಿಡಿದಿಡಲು ಸುಮಾರು 140 ಕೆಜಿ ಭಾರ ತಡೆಯುವಷ್ಟು ಬಲ ಬೇಕು. ಹತ್ತಿರ ಹತ್ತಿರ ಮೂರು ಮೂಟೆ ಅಕ್ಕಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಬಂದವರು ನಮ್ಮಲ್ಲೇ ಎಷ್ಟು ಜನ ಇದ್ದಾರೆ! ಅಲ್ಲಿ ಹಸುಗೂಸನ್ನು ಆಸ್ಪತ್ರೆಯಿಂದ ಮನೆಗೆ ತರುವುದಕ್ಕೇ ಕಾರ್ ಸೀಟ್ ಬೇಕು. ನೋಡಿ ಹೊಗಳುತ್ತಾರೆ. ಅದೇ ಮೊಮ್ಮಗು ರಜೆಗೆ ಇಲ್ಲಿಗೆ ಬಂದರೆ ಏರ್‌ಪೋರ್ಟಿನಿಂದಲೇ ತೊಡೆ ಮೇಲೆ.

ಹಂತ 4: ಬೆಲ್ಟ್ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲಿ. ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಪರೀಕ್ಷೆ ನಡೆಯಬೇಕಾದ್ದು ಹಿಂದಿನ ಸೀಟಿನಲ್ಲಿ, ಬೂಸ್ಟರ್ ತೆಗೆದು, ನಿಂತ ಕಾರಿನಲ್ಲಿ. ಹಿಂದೆ ಪಾಸಾಗದ ಮಗುವಿಗೆ ಮುಂದಿನ ಮಾತೇ ಇಲ್ಲ.

ಮಗುವಿನ ಬೆನ್ನು, ಸೊಂಟ ಎರಡೂ ಸೀಟಿನ ಬೆನ್ನಿಗೆ ಅಂಟಿಕೊಳ್ಳುವಂತೆ ಪೂರ್ತಿ ಹಿಂದಕ್ಕೆ ಕೂರಿಸಿ. ಈಗ ಬದಿಯಿಂದ ಬಗ್ಗಿ ಮೊಣಕಾಲು ನೋಡಿ. ಸೀಟಿನ ಅಂಚು ಮುಗಿಯುವಲ್ಲಿ ಮೊಣಕಾಲು ಆರಾಮಾಗಿ ಬಾಗಿ, ಪಾದ ಕೆಳಗಿಳಿಯಬೇಕು. ಕಾಲು ನೀಟಾಗಿ ಮುಂದಕ್ಕೆ ಚಾಚಿಕೊಂಡಿದ್ದರೆ ತೊಡೆ ಇನ್ನೂ ಗಿಡ್ಡ. ಅಂಥ ಮಗು ಏನು ಮಾಡುತ್ತದೆ ಗೊತ್ತಾ? ಕಾಲು ಬಾಗಿಸಬೇಕು ಅಂತ ಹತ್ತು ನಿಮಿಷದಲ್ಲಿ ಸೊಂಟವನ್ನು ಮುಂದಕ್ಕೆ ಜಾರಿಸುತ್ತದೆ. ಸೊಂಟ ಜಾರಿದರೆ ಬೆಲ್ಟ್ ಹೊಟ್ಟೆಗೆ ಏರುತ್ತದೆ. ಎಲ್ಲ ಕೆಡುವುದು ಅಲ್ಲಿಂದಲೇ.

ಈಗ ಬೆಲ್ಟ್ ಹಾಕಿ. ಕೆಳಗಿನ ಪಟ್ಟಿ ತೊಡೆಯ ಬುಡಕ್ಕೆ ತಾಗಿಕೊಂಡು ಸೊಂಟದ ಎರಡು ಎಲುಬುಗಳನ್ನು ಹಿಡಿಯಬೇಕು. ಕಣ್ಣಿಗೆ ಕಂಡರೆ ಸಾಲದು, ಬೆರಳಿಟ್ಟು ನೋಡಿ. ಮಗುವಿನ ಸೊಂಟದ ಎರಡೂ ಕಡೆ ಮುಂದೆ ಚೂಪಾಗಿ ಸಿಗುವ ಎಲುಬು ಇದೆಯಲ್ಲ, ಪಟ್ಟಿ ಅದಕ್ಕಿಂತ ಕೆಳಗೆ ಇರಬೇಕು. ದೊಡ್ಡವರಲ್ಲಿ ಈ ಎಲುಬು ಕೊಕ್ಕೆಯ ಹಾಗೆ ಬೆಲ್ಟನ್ನು ತಡೆದು ನಿಲ್ಲಿಸುತ್ತದೆ. ಚಿಕ್ಕ ಮಕ್ಕಳಲ್ಲಿ ಅದಿನ್ನೂ ಪೂರ್ತಿ ಬೆಳೆದಿರುವುದಿಲ್ಲ, ಬೆಲ್ಟ್ ಸಲೀಸಾಗಿ ಮೇಲಕ್ಕೆ ಜಾರುತ್ತದೆ. ಹೊಟ್ಟೆಯಲ್ಲಿ ಎಲುಬಿಲ್ಲ, ಇರುವುದು ಕರುಳು, ಗುಲ್ಮ. ಬೆಲ್ಟ್ ಹಾಕಿದ್ದರೂ ಮಗುವಿಗೆ ಕರುಳು ಹರಿಯುವುದು, ಬೆನ್ನುಮೂಳೆ ಮುರಿಯುವುದು ಇದರಿಂದಲೇ. ಬರೀ ಪೊಲೀಸರಿಗೆ ಕಾಣಲಿ ಅಂತ ಬೆಲ್ಟ್ ಹಾಕುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಮೇಲಿನ ಪಟ್ಟಿ ಎದೆಯ ನಡುವೆ ಹಾದು, ಹೆಗಲಿನ ಮಧ್ಯದಲ್ಲಿ ಕೂರಬೇಕು. ಕೊರಳಿಗೆ ಉಜ್ಜಿದರೆ ಫೇಲ್. ಹೆಗಲಿನ ತುದಿಗೆ ಜಾರಿ ತೋಳಿನ ಮೇಲೆ ನಿಂತರೂ ಫೇಲ್. ಕೊರಳಿಗೆ ಉಜ್ಜಿದಾಗ ಮಕ್ಕಳು ಪಟ್ಟಿಯನ್ನು ಕಂಕುಳ ಕೆಳಗೋ ಬೆನ್ನ ಹಿಂದೆಯೋ ಹಾಕಿಕೊಳ್ಳುತ್ತಾರೆ. ನಾವು "ಆರಾಮಾಗಿದ್ಯಾ ಕಂದಾ?" ಅಂತ ಕೇಳಿ ಸುಮ್ನಾಗುತ್ತೇವೆ. ಆಗ ಮೇಲರ್ಧ ಮೈಗೆ ಹಿಡಿತವೇ ಇರುವುದಿಲ್ಲ. ತಲೆ ನೇರ ಎದುರಿನ ಸೀಟಿಗೆ ಹೋಗಿ ಬಡಿಯುತ್ತದೆ.

ಇಷ್ಟಾದರೆ ಮುಗಿಯಲಿಲ್ಲ. ಹಾಗೇ ಎಷ್ಟು ಹೊತ್ತು ಕೂರುತ್ತದೆ ಅನ್ನುವುದು ಕೊನೆಯ ಪ್ರಶ್ನೆ. ಎರಡು ನಿಮಿಷಕ್ಕೆ ಎಲ್ಲ ಮಕ್ಕಳೂ ಪಾಸು. ನಾನು ಮಗಳನ್ನು ಬೆಂಗಳೂರಿನಿಂದ ತುಮಕೂರಿನ ತನಕ ನೋಡಿದೆ. ನೆಲಮಂಗಲದವರೆಗೆ ಶಿಸ್ತಿನ ಸಿಪಾಯಿ. ದಾಬಸ್‌ಪೇಟೆ ಬರುವಷ್ಟರಲ್ಲಿ ನಿದ್ದೆ, ತಲೆ ಕಿಟಕಿಗೆ, ಬೆಲ್ಟ್ ಹೊಟ್ಟೆ ಮೇಲೆ. ಮತ್ತೆ ಬೂಸ್ಟರ್‌ಗೆ ಹಿಂಬಡ್ತಿ. ಆಗ ಅವಳಿಗೆ 10 ವರ್ಷ, 138 ಸೆಂಟಿಮೀಟರ್. ಕ್ಲಾಸಿನಲ್ಲಿ ಯಾರೂ ಬೂಸ್ಟರ್‌ನಲ್ಲಿ ಕೂರಲ್ಲ ಅಂತ ಎರಡು ದಿನ ಮಾತು ಬಿಟ್ಟಳು.

ಸಾಮಾನ್ಯವಾಗಿ 145ರಿಂದ 150 ಸೆಂಟಿಮೀಟರ್ ಹತ್ತಿರ ಬಂದಾಗ ಮಕ್ಕಳು ಈ ಪರೀಕ್ಷೆ ದಾಟುತ್ತಾರೆ. ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್, ಯಾವುದು ಮೊದಲೋ ಅಲ್ಲಿಯ ತನಕ ಚೈಲ್ಡ್ ಸೀಟ್ ಕಡ್ಡಾಯ. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135. ನನಗೆ ಜರ್ಮನಿಯವರ ಲೆಕ್ಕವೇ ಸರಿ ಅನಿಸುತ್ತದೆ. ನಿಮ್ಮ ಮಗು ಗಿಡ್ಡ ಆಗಿದ್ದರೆ 12 ದಾಟಿದ ಮೇಲೂ ಬೂಸ್ಟರ್ ಇರಲಿ, ಯಾರು ಬೇಡ ಅಂದರು?

ಅಡ್ಡದಾರಿಗಳ ವಿಷಯ. ಮಗುವಿನ ಕೆಳಗೆ ದಿಂಬು, ಮಡಚಿದ ಕಂಬಳಿ ಇಟ್ಟು ಎತ್ತರ ಮಾಡುವುದು ಬೇಡ. ಬ್ರೇಕ್ ಹಾಕಿದರೆ ದಿಂಬು ಅಮುಕಿಕೊಳ್ಳುತ್ತದೆ, ಮಗು ಬೆಲ್ಟಿನ ಕೆಳಗೆ ಜಾರುತ್ತದೆ. ಮೇಲಿನ ಪಟ್ಟಿಯನ್ನೂ ಕೆಳಗಿನ ಪಟ್ಟಿಯನ್ನೂ ಸೇರಿಸಿ ಎಳೆಯುವ ತ್ರಿಕೋನದ ಬಟ್ಟೆ ತುಂಡು ಮಾರುತ್ತಾರೆ. ಅದು ಕೊರಳಿನ ಕಿರಿಕಿರಿ ತಪ್ಪಿಸುತ್ತದೆ, ಜೊತೆಗೆ ಕೆಳಗಿನ ಪಟ್ಟಿಯನ್ನು ಹೊಟ್ಟೆಗೆ ಎಳೆದು ತರುತ್ತದೆ. ಇನ್ನು ಬಕಲ್‌ಗೆ ಸಿಕ್ಕಿಸಿ ಟಿಂಗ್ ಟಿಂಗ್ ನಿಲ್ಲಿಸುವ ಸುಳ್ಳು ಕ್ಲಿಪ್. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ತಾಣಗಳಿಗೆ ಆದೇಶ ಕೊಟ್ಟು 13 ಸಾವಿರಕ್ಕೂ ಜಾಸ್ತಿ ಕಡೆ ಇದನ್ನು ತೆಗೆಸಿತು. ಆದರೂ ನಮ್ಮ ಬಿಲ್ಡಿಂಗಿನಲ್ಲೇ ಮೂರು ಕಾರಿನಲ್ಲಿ ನೋಡಿದ್ದೇನೆ.

ಸನ್‌ರೂಫಿನಿಂದ ಮಕ್ಕಳ ತಲೆ ಹೊರಗೆ ಹಾಕಿಸುವವರಿಗೆ ಯಾವ ಹಂತವೂ ಇಲ್ಲ. ಗಾಜು ಮುಚ್ಚಿ.

ಹಂತ 5: ಹಿಂದೆ ಜಾಗವೇ ಇಲ್ಲದಿದ್ದರೆ

ಮದುವೆ, ಗೃಹಪ್ರವೇಶ ಅಂತ ಹೊರಟಾಗ ಹಿಂದೆ ಮೂವರು ದೊಡ್ಡವರು ತುಂಬಿ ಮಗುವನ್ನು ಮುಂದೆ ಹಾಕುವುದು ನಮ್ಮ ಪದ್ಧತಿ. ತಿರುಗಿಸಿ. ದೊಡ್ಡವರಲ್ಲಿ ಒಬ್ಬರು ಮುಂದೆ, ಮಗು ಹಿಂದೆ. ಹಿಂದಿರುವ ಮಾವನಿಗೂ ಬೆಲ್ಟ್ ಇರಲಿ, ಇಲ್ಲದಿದ್ದರೆ ಡಿಕ್ಕಿಯಾದಾಗ ಅವರೇ ಮಗುವಿನ ಮೇಲೆ ಬೀಳುತ್ತಾರೆ. ಉದ್ಯಮಿ ಸೈರಸ್ ಮಿಸ್ತ್ರಿ 2022ರಲ್ಲಿ ಪಾಲ್ಘರ್ ಹತ್ತಿರ ತೀರಿಕೊಂಡಿದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ.

ಹಿಂದೆ ಸೀಟೇ ಇಲ್ಲದ ಗಾಡಿ, ಇಲ್ಲವೇ ಹಿಂದೆ ಆಗಲೇ ಮೂರು ಮಕ್ಕಳಿದ್ದಾರೆ ಅಂದಾಗ ಮಾತ್ರ ಮುಂದೆ. ಆಗಲೂ ಇರುವ ಮಕ್ಕಳಲ್ಲಿ ಎತ್ತರದ ಮಗುವನ್ನು ಆರಿಸಿ, ಚಿಕ್ಕದನ್ನಲ್ಲ. ಬೂಸ್ಟರ್ ಬೇಕಿದ್ದ ಮಗುವಿಗೆ ಮುಂದೆಯೂ ಬೂಸ್ಟರ್ ಬೇಕು. ಹಿಂದಕ್ಕೆ ಮುಖ ಮಾಡುವ ಕೂಸಿನ ಸೀಟು ಅನಿವಾರ್ಯವಾಗಿ ಮುಂದೆ ಬಂದರೆ, ಏರ್‌ಬ್ಯಾಗ್ ಆಫ್ ಮಾಡುವ ಸ್ವಿಚ್ ಇರುವ ಕಾರಿನಲ್ಲಿ ಮಾತ್ರ. ಸಾಮಾನ್ಯವಾಗಿ ಅದು ಡ್ಯಾಶ್‌ಬೋರ್ಡಿನ ಪಕ್ಕದಲ್ಲಿ, ಬಾಗಿಲು ತೆರೆದರೆ ಕಾಣುವ ಕಡೆ ಇರುತ್ತದೆ, ಕೀ ಹಾಕಿ ತಿರುಗಿಸಬೇಕು. ಆಫ್ ಅನ್ನುವ ದೀಪ ಹತ್ತಿದ್ದನ್ನು ಕಣ್ಣಾರೆ ನೋಡಿ. ಮುಂದೆ ದೊಡ್ಡವರು ಕೂತಾಗ ಮರೆಯದೆ ಆನ್ ಮಾಡಿ. ಸ್ವಿಚ್ ಇಲ್ಲದ ಕಾರಿನಲ್ಲಿ ಮೆಕ್ಯಾನಿಕ್ ವೈರ್ ಕಿತ್ತು ಕೊಡುತ್ತೇನೆ ಅಂದರೆ ಅವನ ಹತ್ತಿರ ಆಯಿಲ್ ಕೂಡ ಬದಲಿಸಬೇಡಿ.

ಹಂತ 6: ಬಡ್ತಿಯ ದಿನ

13 ತುಂಬಿತು, ಬೆಲ್ಟ್ ಪರೀಕ್ಷೆಯೂ ಪಾಸು. ಸೀಟನ್ನು ಹಳಿಯ ಮೇಲೆ ಎಷ್ಟು ಹಿಂದಕ್ಕೆ ಹೋಗುತ್ತೋ ಅಷ್ಟೂ ತಳ್ಳಿ. ಬೆನ್ನು ನೆಟ್ಟಗೆ ಇರಲಿ, ಮಲಗುವ ಕುರ್ಚಿ ಮಾಡಬೇಡಿ. ಬಾಗಿಲ ಪಕ್ಕದ ಕಂಬದ ಮೇಲೆ ಬೆಲ್ಟಿನ ಎತ್ತರ ಹೊಂದಿಸುವ ಗುಂಡಿ ಇದ್ದರೆ ಹೆಗಲಿಗೆ ಸರಿಯಾಗಿ ಇಳಿಸಿ. ಹಾಡು ಬದಲಿಸಲು, ಬಿದ್ದ ಮೊಬೈಲ್ ಎತ್ತಲು ಮುಂದಕ್ಕೆ ಬಗ್ಗಕೂಡದು, ಡಿಕ್ಕಿ ಆ ಕ್ಷಣದಲ್ಲೇ ಆದರೆ ಮುಖ ಏರ್‌ಬ್ಯಾಗಿನ ಬಾಯಲ್ಲಿ. ಡ್ಯಾಶ್‌ಬೋರ್ಡಿನ ಮೇಲೆ ಕಾಲು ಇಡುವುದಂತೂ ಬೇಡವೇ ಬೇಡ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮೊಣಕಾಲು ಮುಖಕ್ಕೆ ಬರುತ್ತದೆ. ಇದನ್ನು ಮಕ್ಕಳು ಒಂದು ಸಲ ಹೇಳಿದರೆ ಕೇಳುತ್ತಾರೆ. ನಮ್ಮ ಭಾವನಿಗೆ ಹೇಳಿ ಹೇಳಿ ಸಾಕಾಗಿ, ಈಗ ಅವರನ್ನೇ ಹಿಂದಿನ ಸೀಟಿಗೆ ಕಳಿಸಿದ್ದೇವೆ.