ಉದ್ಯಮಬಾಗದ ಮರಳಿನಲ್ಲಿ ಠೇಕುವಾ ಅಚ್ಚು

ವಲಸೆ ಬಂದವರ ಜೊತೆ ಕಲೆ ಮಾಡ್ತೀನಿ ಅಂದ್ರೆ ಸಾಕು, ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಬಿರುಕು ಬಿಟ್ಟ ಕೈ, ಹತ್ತು ಜನರ ರೂಮು, ಊರು ನೆನೆದು ಒದ್ದೆಯಾದ ಕಣ್ಣು. ಫೋಟೋ ನಗರದ ಗ್ಯಾಲರಿಗೆ ಹೋಗುತ್ತದೆ, ಕೈಯ ಮಾಲೀಕ ಶಿಫ್ಟಿಗೆ ಹೋಗುತ್ತಾನೆ. ನನಗೆ ಇದು ಬೇಡ ಅನ್ನಿಸಿತ್ತು. ಹಾಗಾಗಿ ಯಾರ ಕಷ್ಟವನ್ನೂ ಕೇಳಬಾರದು, ಬಲ್ಲ ಕೆಲಸವನ್ನಷ್ಟೇ ಕೇಳಬೇಕು ಅಂತ ಶುರುವಿನಲ್ಲೇ ಗಟ್ಟಿ ಮಾಡಿಕೊಂಡೆ.

ನಾನು ಬೆಳಗಾವಿಯಲ್ಲಿ ಚಿತ್ರಕಲೆ ಕಲಿಸುವವನು. ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ ಫೌಂಡ್ರಿಗಳು, ಅಂದ್ರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳು, ಸಾಲಾಗಿವೆ. ನಾನು ಹೋಗಿ ಬರುವ ಫೌಂಡ್ರಿಗಳಲ್ಲಿ ಮೋಲ್ಡಿಂಗ್ (ಮರಳಿನಲ್ಲಿ ಅಚ್ಚು ತೆಗೆಯುವುದು), ಫೆಟ್ಲಿಂಗ್ (ಎರಕವನ್ನು ಉಜ್ಜಿ ನಯ ಮಾಡುವುದು) ಮಾಡುವವರು ಹೆಚ್ಚಾಗಿ ಬಿಹಾರ, ಉತ್ತರ ಪ್ರದೇಶ, ಒಡಿಶಾದ ಹುಡುಗರು. ಮಜಗಾಂವ, ಪೀರನವಾಡಿ ಕಡೆ ರೂಮು ಮಾಡಿಕೊಂಡಿರುತ್ತಾರೆ. ಮರಳಿನಲ್ಲಿ ಅಚ್ಚು ತೆಗೆಯುವುದರಲ್ಲಿ ಅವರ ಕೈ ನೋಡಿದರೆ ನಮ್ಮ ಶಿಲ್ಪಕಲೆಯ ವಿದ್ಯಾರ್ಥಿಗಳು ನಾಚಬೇಕು. ನನ್ನ ಕೋರಿಕೆ ಇಷ್ಟೇ ಇತ್ತು: ದಿನಾ ಮರಳಿನಲ್ಲಿ ಕಂಪನಿಯ ಪ್ಯಾಟರ್ನ್ (ಅಚ್ಚು ಮೂಡಿಸುವ ಮಾದರಿ) ಒತ್ತುತ್ತೀರಿ, ಒಂದು ದಿನ ನಿಮ್ಮದೇ ಒಂದು ವಸ್ತು ಒತ್ತಿ, ಎರಕ ಹೊಯ್ದು ಪ್ರದರ್ಶನಕ್ಕೆ ಇಡೋಣ.

ಮೊದಲು ದುಡ್ಡಿನ ಮಾತು. ವಾರದ ರಜೆ ಅಂದ್ರೆ ಬಟ್ಟೆ ಒಗೆಯುವ, ಸಂತೆಗೆ ಹೋಗುವ, ಮನೆಗೆ ವಿಡಿಯೋ ಕಾಲ್ ಮಾಡುವ ದಿನ. ಅದರಲ್ಲಿ ಅರ್ಧ ದಿನ ಕೇಳಬೇಕಾದರೆ ಓವರ್‌ಟೈಮ್ ದರವನ್ನಾದರೂ ಕೊಡಬೇಕು ಅಲ್ವಾ? ಕೊಟ್ಟೆ. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯೇ. ಕೆಲವು ಕಲಾವಿದ ಗೆಳೆಯರು 'ಕೂಲಿ ಕೊಟ್ಟರೆ ಸಹಭಾಗಿತ್ವ ಹೇಗಾಗುತ್ತೆ' ಅಂದರು. ಪ್ರದರ್ಶನ ಜೋಡಿಸುವ ಕ್ಯುರೇಟರ್ ಸಂಬಳ ತಗೊಂಡರೆ ಯಾರೂ ಹೀಗೆ ಕೇಳುವುದಿಲ್ಲ.

ಜಾಗಕ್ಕೆ ಮುಚ್ಚಿದ ಒಂದು ಸಣ್ಣ ಶೆಡ್ ಬಾಡಿಗೆಗೆ ಸಿಕ್ಕಿತು. ಕಬ್ಬಿಣ ಸುರಿಯಲು ಸುಮಾರು 1,400 ಡಿಗ್ರಿ ಶಾಖ ಬೇಕು, ನಮ್ಮಿಂದ ಆಗದ ಮಾತು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಹಳೇ ಪಿಸ್ಟನ್ ಸ್ಕ್ರ್ಯಾಪ್ ತಂದು ಮೂಸೆಯಲ್ಲಿ ಕರಗಿಸಿದೆವು. ಮರಳು, ಅದನ್ನು ಹಿಡಿದಿಡುವ ಬೆಂಟೊನೈಟ್ ಜೇಡಿ, ನೀರಿನ ಹದ ಅವರದೇ. ಮುಷ್ಟಿಯಲ್ಲಿ ಹಿಸುಕಿ, ಉಂಡೆಯನ್ನು ಮುರಿದು, ಮುರಿದ ಅಂಚು ನೋಡಿಯೇ ಹೇಳುತ್ತಿದ್ದರು. ನೀರು ಜಾಸ್ತಿಯಾದರೆ ಉಗಿ ಎದ್ದು ಎರಕದಲ್ಲಿ ತೂತು ಬೀಳುತ್ತದೆ.

ಏನೇನು ಬಂತು ಅನ್ನೋದು ಮಜಾ. ಲಟ್ಟಣಿಗೆ, ಬೀಗ, ಮಗುವಿನ ಪ್ಲಾಸ್ಟಿಕ್ ಕಾರು. ಒಬ್ಬ ಚಪ್ಪಲಿ ತಂದ. ಅದರ ಪಟ್ಟಿಯ ಕೆಳಗೆ ಮರಳು ಸಿಕ್ಕಿಕೊಂಡರೆ ಹೊರಗೆ ತೆಗೆಯುವಾಗ ಅಚ್ಚು ಕುಸಿಯುತ್ತದೆ. ಕೋರ್ (ಟೊಳ್ಳು ಜಾಗಕ್ಕೆ ಬೇರೆಯಾಗಿ ಮಾಡಿ ಇಡುವ ಮರಳಿನ ತುಂಡು) ಹಾಕಬೇಕೋ, ಪಟ್ಟಿ ಕತ್ತರಿಸಬೇಕೋ ಅಂತ ಅರ್ಧ ಗಂಟೆ ವಾದ ನಡೆಯಿತು. ನಾನು ಸುಮ್ನೆ ಕೂತು ಕೇಳಿದೆ. ಅಷ್ಟು ಚೆನ್ನಾದ ಕಲಾ ಚರ್ಚೆ ಯಾವ ಸೆಮಿನಾರಿನಲ್ಲೂ ಕೇಳಿಲ್ಲ.

ಬಿಹಾರದ ಸೀವಾನ್ ಕಡೆಯ ಒಬ್ಬ ಠೇಕುವಾ ಅನ್ನೋ ಸಿಹಿತಿಂಡಿಯ ಅಚ್ಚು ತಂದಿದ್ದ. ಅಂಗೈ ಅಗಲದ ಮರದ ತುಂಡು, ಎಣ್ಣೆ ಕುಡಿದು ಕಪ್ಪಾಗಿತ್ತು. ಮೇಲೆ ಎಲೆಯ ಕೆತ್ತನೆ. ಅವರ ಕಡೆಯ ಸೂರ್ಯಪೂಜೆಯ ಛಠ್ ಹಬ್ಬಕ್ಕೆ ಗೋಧಿ ಹಿಟ್ಟು, ಬೆಲ್ಲ ಕಲಸಿ ಇದರ ಮೇಲೆ ಒತ್ತಿ ತುಪ್ಪದಲ್ಲಿ ಕರಿಯುತ್ತಾರೆ. ರಜೆ ಸಿಗದ ವರ್ಷ ರೂಮಿನಲ್ಲೇ ಮಾಡುತ್ತಾರಂತೆ. ಕೆತ್ತನೆ ಆಳವಿಲ್ಲ, ಅಂಚು ಒಳಸರಿದಿಲ್ಲ, ಹೀಗಾಗಿ ಮರಳಿನಿಂದ ಸಲೀಸಾಗಿ ಬಿಟ್ಟು ಬಂತು. ಎರಕದ ಅಚ್ಚು ಅಸಲಿಗಿಂತ ಕೂದಲೆಳೆಯಷ್ಟು ಸಣ್ಣದಾಯಿತು. ಲೋಹ ಆರುವಾಗ ನೂರಕ್ಕೆ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಕುಗ್ಗುತ್ತದೆ, ಅದನ್ನು ಲೆಕ್ಕ ಹಾಕಿಯೇ ಫೌಂಡ್ರಿಯಲ್ಲಿ ಪ್ಯಾಟರ್ನ್ ದೊಡ್ಡದು ಮಾಡುತ್ತಾರೆ.

ಅವರ ರೂಮಿನ ಮಾಲಕಿ ಕಾಕು ಮೊಮ್ಮಗನ ಜೊತೆ ನೋಡಲು ಬಂದವರು ಅದನ್ನು ಕೈಗೆತ್ತಿಕೊಂಡು, 'ಇದೇನಪಾ, ನಮ್ಮ ಸಕ್ಕರಿ ಆರತಿ ಅಚ್ಚಿನಂಗ ಐತೆಲ್ಲ!' ಅಂದರು. ಮುಂದಿನ ವಾರ ಅವರದೂ ಬಂತು. ಗೌರಿ ಹುಣ್ಣಿಮೆಗೆ ಸಕ್ಕರೆ ಪಾಕ ಹೊಯ್ಯುವ ಜೋಡಿ ಮರದ ಅಚ್ಚು. ನೀರಿನಲ್ಲಿ ನೆನೆಸಿ, ಎರಡು ಹೋಳು ಕೂಡಿಸಿ ದಾರ ಕಟ್ಟಿ, ಮೇಲಿನ ಬಾಯಿಂದ ಪಾಕ ಸುರಿಯುವುದು. ಹುಡುಗರು ಒಮ್ಮೆಗೇ 'ಯೇ ತೋ ಮೋಲ್ಡಿಂಗ್ ಹೈ' ಅಂದರು. ಛಠ್ ಕಾರ್ತಿಕದ ಷಷ್ಠಿ, ಗೌರಿ ಹುಣ್ಣಿಮೆ ಅದೇ ತಿಂಗಳ ಹುಣ್ಣಿಮೆ. ಒಂದೇ ಮನೆಯ ಕೆಳಗೂ ಮೇಲೂ ಒಂದೇ ತಿಂಗಳಲ್ಲಿ ಅಚ್ಚುಗಳು ಹೊರಗೆ ಬರುತ್ತಿದ್ದವು, ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಪ್ರದರ್ಶನದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದು ಅವರೇ. ಕ್ಯುರೇಟರ್ ಅಂತ ನಾನು ಮಾಡಿದ್ದು ಲೈಟು ಸರಿಸಿದ್ದಷ್ಟೇ.

ಇಂಥ ಕೆಲಸಕ್ಕೆ ದೊಡ್ಡ ಉದಾಹರಣೆಗಳಿವೆ. 2011ರಲ್ಲಿ ಕ್ಯೂಬಾದ ಕಲಾವಿದೆ ಟಾನಿಯಾ ಬ್ರುಗೇರಾ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಅಂಗಡಿ ಜಾಗ ಹಿಡಿದು, ವಲಸಿಗರಿಗೆ ಇಂಗ್ಲಿಷ್ ಕ್ಲಾಸು, ಕಾನೂನು ಸಲಹೆಯನ್ನೇ ಕಲಾಕೃತಿ ಅಂದರು. ಅದರ ಹಿಂದೆ ಕ್ವೀನ್ಸ್ ಮ್ಯೂಸಿಯಂ ಇತ್ತು. ನನಗೆ ಹತ್ತಿರ ಅನ್ನಿಸುವುದು ಕಲಾವಿದೆ ನವಜೋತ್ ಅಲ್ತಾಫ್ ಛತ್ತೀಸಗಢದ ಬಸ್ತರಿನ ಕೊಂಡಗಾಂವದಲ್ಲಿ ಆದಿವಾಸಿ ಕಲಾವಿದರ ಜೊತೆ ಬೋರಿಂಗ್ ಪಂಪಿನ ಜಾಗಗಳನ್ನು ಹೊಸದಾಗಿ ಕಟ್ಟಿದ ಕೆಲಸ. ಕೊಡ ಇಡೋಕೆ, ಎತ್ತೋಕೆ ಅನುಕೂಲ ಆಗಬೇಕು ಅನ್ನುವುದು ಅಲ್ಲಿ ಶಿಲ್ಪದ ಪ್ರಶ್ನೆಯೇ ಆಗಿತ್ತು.

ಲೇಬಲ್ ವಿಷಯ ಬಂತು. ಬೆಳಗಾವಿಯಲ್ಲಿ ಬೋರ್ಡಿನ ಮೇಲೆ ಯಾವ ಭಾಷೆ ಎಷ್ಟು ದೊಡ್ಡದು ಅನ್ನೋದು ಹುಡುಗಾಟವಲ್ಲ. ಹೊರಗಿನ ಬೋರ್ಡ್ ಕನ್ನಡದಲ್ಲಿ ಮಾಡಿಸಿದೆ. ಒಳಗೆ ಲೇಬಲ್ಲೇ ಬೇಡ, ಹೆಸರು ಎರಕದಲ್ಲೇ ಬರಲಿ ಅಂದರು ಹುಡುಗರು. ಮೊಳೆಯಿಂದ ಮರಳಿನ ಮೇಲೆ ತಿರುಗುಮುರುಗಾಗಿ ಬರೆಯಬೇಕು, ಆಗ ಲೋಹದಲ್ಲಿ ನೆಟ್ಟಗೆ ಬರುತ್ತದೆ. ಹೆಸರು, ಊರು ಹಿಂದಿಯಲ್ಲಿ, ಒಡಿಯಾದಲ್ಲಿ ಸರಸರ ಬರೆದರು. ಕಾಕು ತಮ್ಮದನ್ನು ಹುಡುಗರಿಂದ ಬರೆಸಲು ಒಪ್ಪದೆ, ಕನ್ನಡಿ ತರಿಸಿ ಕನ್ನಡದಲ್ಲಿ ತಾವೇ ಬರೆದರು. ಫೆಟ್ಲಿಂಗ್‌ನವರು, ಉಜ್ಜಿದ್ದು ನಾವಲ್ವಾ ಅಂತ ಹಿಂಬದಿಯಲ್ಲಿ ತಮ್ಮ ಹೆಸರು ಪಂಚ್ ಹೊಡೆದರು.

ಪ್ರದರ್ಶನ ಶೆಡ್ಡಿನಲ್ಲೇ, ಶಿಫ್ಟ್ ಬಿಟ್ಟ ಮೇಲೆ. ಗ್ಯಾಲರಿ ಆಗಿದ್ದರೆ ಗೇಟಿನಲ್ಲೇ ಇವರನ್ನು ಎಲ್ಲಿಗೆ ಅಂತ ಕೇಳುತ್ತಿದ್ದರು. ದೀಪಾವಳಿಗೆ ಮುಂಚೆ ಇಟ್ಟೆವು, ಆಮೇಲೆ ಅರ್ಧ ಜನ ರೈಲು ಹತ್ತುತ್ತಾರೆ. ಮೋಲ್ಡಿಂಗ್ ಬಾಕ್ಸ್ ಬೋರಲು ಹಾಕಿ ಅದರ ಮೇಲೆ ವಸ್ತು ಜೋಡಿಸಿದೆವು. ಮೊದಲ ಸಂಜೆ ಅವರಿಗೆ, ಅವರ ಮನೆಯವರಿಗೆ, ರೂಮಿನ ಮಾಲೀಕರಿಗೆ. ನಗರದ ಅತಿಥಿಗಳಿಗೆ ಮರುದಿನ.

ಎರಕ ಮಾಡಿದವರದೇ ವಸ್ತು ಅಂತ ಮೊದಲೇ ಚೀಟಿ ಬರೆದು ಕೊಟ್ಟಿದ್ದೆ. ಬೀಗ ಮಾರಾಟವಾಯಿತು, ದುಡ್ಡು ಅದನ್ನು ಎರಕ ಮಾಡಿದವನ ಕೈಗೇ ಹೋಯಿತು. ಠೇಕುವಾ ಅಚ್ಚನ್ನು ಒಬ್ಬರು ಕೇಳಿದರು. ಸೀವಾನ್ ಹುಡುಗ ಕೊಡಲ್ಲ ಅಂದ. ಅವರು ದುಪ್ಪಟ್ಟು ಕೊಡ್ತೀನಿ ಅಂದಾಗ ನಕ್ಕ. 'ಸರ್, ಪ್ಯಾಟರ್ನ್ ನನ್ನ ಹತ್ತಿರಾನೇ ಇದೆ. ಮುಂದಿನ ರಜೆಗೆ ನಿಮಗೆ ಇನ್ನೊಂದು ಸುರಿದು ಕೊಡ್ತೀನಿ' ಅಂತ ಹಿಂದಿಯಲ್ಲಿ ಹೇಳಿ, ಅಡ್ವಾನ್ಸ್ ತಗೊಂಡ.