ಅಡಿಕೆಗೆ ಮದ್ದು ಬಿಡುವ ಮೊದಲು ಡ್ರಮ್ಮಿಗೆ ಕತ್ತಿ ಅದ್ದಿ ನೋಡಿ

ಮೇ ಕೊನೆಗೆ ಮೂಡುಬಿದಿರೆ, ಕಾರ್ಕಳ, ಬಂಟ್ವಾಳದ ಕಡೆ ತೋಟ ಇರುವವರೆಲ್ಲ ಮದ್ದು ಬಿಡುವವರ ಬೆನ್ನು ಹತ್ತುತ್ತಾರೆ. ಜನ ಸಿಕ್ಕಿದ ದಿನ ಗಡಿಬಿಡಿಯಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದು ಕೋಲಿನಲ್ಲಿ ನಾಲ್ಕು ಸುತ್ತು ತಿರುಗಿಸಿದರೂ ಬಣ್ಣವೇನೋ ನೀಲಿಯೇ ಬರುತ್ತದೆ. ಜುಲೈಯಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗ ಕಂಡಾಗ ಬೈಗುಳ ಮಾತ್ರ ಮಳೆಗೆ. ಹೆಚ್ಚಿನ ಸಲ ಕೆಲಸ ಕೆಟ್ಟಿರುವುದು ಮರದ ತಲೆಯಲ್ಲಲ್ಲ, ಅಂಗಳದ ಡ್ರಮ್ಮಿನಲ್ಲಿ.

ಮೈಲುತುತ್ತು, ಸುಣ್ಣ ಬೆರೆಸಿದ ಈ ಮದ್ದೇ ಬೋರ್ಡೋ ದ್ರಾವಣ. ಶೇ 1ರ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. 50 ಲೀಟರಿನಲ್ಲಿ ಮೈಲುತುತ್ತು, ಬೇರೆ 50 ಲೀಟರಿನಲ್ಲಿ ಸುಣ್ಣ. ಪಾತ್ರೆ ಪ್ಲಾಸ್ಟಿಕ್ಕಿನದೇ ಇರಲಿ. ಕಬ್ಬಿಣದ ಬ್ಯಾರೆಲ್, ತಗಡಿನ ಬಾಲ್ದಿ, ಅಲ್ಯೂಮಿನಿಯಂ ಪಾತ್ರೆಯನ್ನು ಮೈಲುತುತ್ತು ತಿನ್ನುತ್ತದೆ. ಅಡಿಕೆಗೆ ಹೋಗಬೇಕಾದ ತಾಮ್ರ ಪಾತ್ರೆಗೆ ಹಿಡಿಯುತ್ತದೆ.

ಮೈಲುತುತ್ತಿನ ಹರಳನ್ನು ಡ್ರಮ್ಮಿನ ಅಡಿಗೆ ಹಾಕಿ ಕಾಯಬೇಡಿ. ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಗಂಟು ನೀರಿನ ಮೇಲ್ಭಾಗದಲ್ಲೇ ಮುಳುಗಿರುವಂತೆ ಹಿಂದಿನ ರಾತ್ರಿ ಕೋಲಿಗೆ ನೇತುಹಾಕಿ. ಕರಗಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಹೊಸ ನೀರು ಹರಳಿಗೆ ತಾಗುತ್ತಿರುತ್ತದೆ; ಬೆಳಿಗ್ಗೆ ಗಂಟಿನಲ್ಲಿ ಏನೂ ಉಳಿದಿರುವುದಿಲ್ಲ. ಹಸಿರು ಛಾಯೆಯ ಹರಳು, ಕರಗಿದ ಮೇಲೆ ಕಂದು ಗಸಿ ಕಂಡರೆ ಕಬ್ಬಿಣದ ಸಲ್ಫೇಟ್ ಬೆರೆಸಿರಬಹುದು. ಅದನ್ನು ಅಂಗಡಿಗೇ ವಾಪಸ್ ಕೊಡಿ.

ಇನ್ನು ಸುಣ್ಣ. ನಮ್ಮಲ್ಲಿ ಎಡವುವುದು ಇಲ್ಲೇ. ಬೇಕಾದದ್ದು ನೀರು ತಾಗಿದ ಕೂಡಲೇ ಬುಸುಗುಟ್ಟಿ ಕುದಿಯುವ ಸುಟ್ಟ ಸುಣ್ಣ. ಬಾಯಿ ಬಿಚ್ಚಿಟ್ಟ ಗೋಣಿಯಲ್ಲಿ ತಿಂಗಳುಗಟ್ಟಲೆ ಕುಳಿತ ಸುಣ್ಣ ಗಾಳಿ ಕುಡಿದು ಬರೇ ಹುಡಿಯಾಗಿರುತ್ತದೆ, ಅದರಲ್ಲಿ ಸತ್ವ ಇಲ್ಲ. ಶುದ್ಧ ಸುಟ್ಟ ಸುಣ್ಣವಾದರೆ 1 ಕಿಲೋ ಮೈಲುತುತ್ತಿನ ಹುಳಿ ಮುರಿಯಲು ಸುಮಾರು ಕಾಲು ಕಿಲೋ ಸಾಕು. ಅಂಗಡಿಯ ಸುಣ್ಣ ಅಷ್ಟು ಶುದ್ಧ ಇರುವುದಿಲ್ಲ ಎಂದೇ 1 ಕಿಲೋ ಎನ್ನುವುದು. ಹಾಗಾಗಿ ತೂಕವನ್ನು ನಂಬಿ ಕೂರುವ ಹಾಗಿಲ್ಲ. ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಅರಳಿಸಿ, ಪೂರ್ತಿ ತಣಿಯಲು ಬಿಡಿ, ಆಮೇಲೆ ನೀರು ಸೇರಿಸಿ ತೆಳು ಬಟ್ಟೆಯಲ್ಲಿ ಸೋಸಿ. ಕುದಿಯುವಾಗ ಮುಖ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಬಿಸಿ ಸುಣ್ಣಕ್ಕೆ ಮೈಲುತುತ್ತು ಬೆರೆಸಿದರೆ ಮದ್ದು ಕಪ್ಪಾಗಿ ಕೆಡುತ್ತದೆ.

ಸುಣ್ಣದ ನೀರಿನಲ್ಲಿ 10 ಲೀಟರ್ ಬದಿಗಿಡಿ. ಉಳಿದದ್ದು ದೊಡ್ಡ ಡ್ರಮ್ಮಿನಲ್ಲಿರಲಿ. ಒಬ್ಬರು ಕೋಲಿನಿಂದ ಕಲಕುತ್ತಿರುವಾಗ ಇನ್ನೊಬ್ಬರು ಮೈಲುತುತ್ತಿನ ನೀರನ್ನು ಅದಕ್ಕೆ ನಿಧಾನವಾಗಿ ಹೊಯ್ಯಬೇಕು. ಉಲ್ಟಾ ಮಾಡಿದರೆ, ಅಂದರೆ ಸುಣ್ಣವನ್ನು ಮೈಲುತುತ್ತಿಗೆ ಸುರಿದರೆ, ಕಣ ದಪ್ಪವಾಗಿ ಬೇಗ ಅಡಿ ಹಿಡಿಯುತ್ತದೆ, ಗೊನೆಗೆ ಅಂಟುವುದಿಲ್ಲ. ಎರಡನ್ನೂ ಗಟ್ಟಿಯಾಗಿ ಬೆರೆಸಿ ಆಮೇಲೆ ನೀರು ಹಾಕುವ ಅಡ್ಡದಾರಿಗೂ ಇದೇ ಗತಿ.

ಈಗ ಕತ್ತಿ ತನ್ನಿ. ಮಸೆದು ಹೊಳೆಯುವ ಕಬ್ಬಿಣದ ಕತ್ತಿಯೇ ಬೇಕು. ಅಡುಗೆಮನೆಯ ಸ್ಟೀಲ್ ಚಾಕು ಏನನ್ನೂ ತೋರಿಸುವುದಿಲ್ಲ. ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಳಿದ ಹಾಗೆ ಕಂಡರೆ ಅದು ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ. ಅದೇ ಮರಕ್ಕೆ ಹೋದರೆ ಎಳೆ ಅಡಿಕೆ ಸುಟ್ಟು ಉದುರುತ್ತದೆ. ಬದಿಗಿಟ್ಟ ಸುಣ್ಣದ ನೀರನ್ನು ಚೆಂಬು ಚೆಂಬಾಗಿ ಹಾಕಿ, ಕಲಕಿ, ಕತ್ತಿ ಒರೆಸಿ ಮತ್ತೆ ಅದ್ದಿ. ಅಲಗು ಹೊಳೆಯುತ್ತಲೇ ಹೊರಬಂದಾಗ ನಿಲ್ಲಿಸಿ. ಹುಳಿ-ಕ್ಷಾರ ತೋರಿಸುವ ಪಿಎಚ್ ಕಾಗದ ಇದ್ದರೆ ಇನ್ನೂ ಒಳ್ಳೆಯದು, 7ರಿಂದ 8ರೊಳಗೆ ಬರಬೇಕು. 'ಇರಲಿ' ಎಂದು ಸುಣ್ಣ ಜಾಸ್ತಿ ಸುರಿಯುವುದೂ ತಪ್ಪು. ನಾಜಲ್ ಕಟ್ಟುತ್ತದೆ, ತಾಮ್ರದ ಕೆಲಸವೂ ನಿಧಾನವಾಗುತ್ತದೆ. ಪ್ರತಿ ಡ್ರಮ್ಮಿಗೂ ಈ ಪರೀಕ್ಷೆ ಬೇಕೇ ಬೇಕು.

ಅಂದಹಾಗೆ ಇದು ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟದಿಂದ ಬಂದ ಮದ್ದು. ಕಳ್ಳರು ಹಣ್ಣು ಕೀಳದಿರಲೆಂದು ದಾರಿಬದಿಯ ಬಳ್ಳಿಗೆ ಅಲ್ಲಿನವರು ಇದನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಾಗದ್ದನ್ನು ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದವರು ಸಸ್ಯವಿಜ್ಞಾನಿ ಮಿಲಾರ್ಡೆ. ನೀರಿಗೆ ಹಾಕಿದರೆ ಸಾಕು ಎನ್ನುವ ರೆಡಿಮೇಡ್ ತಾಮ್ರದ ಹುಡಿಗಳು ಕೈಗೆ ಸುಲಭ, ಆದರೆ ನಮ್ಮ ಕರಾವಳಿ ಮಳೆಯಲ್ಲಿ ಅಂಗಳದಲ್ಲಿ ಬೆರೆಸಿದ್ದರಷ್ಟು ದಿನ ಗೊನೆಯಲ್ಲಿ ನಿಲ್ಲುವುದಿಲ್ಲ.

ಬಿಡುವ ಕೆಲಸದಲ್ಲಿ ಹೇಳುವುದು ಕಡಿಮೆ. ಗೊನೆ ಒಣಗಿರಬೇಕು, ಬಿಟ್ಟ ಮೇಲೆ ಕೆಲವು ಗಂಟೆ ಬಿಸಿಲು ಸಿಗಬೇಕು. ಕೆಳಗಿನಿಂದ ಕಾಣುವ ಬದಿಗೆ ಮಾತ್ರವಲ್ಲ, ಗೊನೆಯ ಹಿಂಬದಿಗೂ ತೊಟ್ಟಿನ ಬುಡಕ್ಕೂ ಮಂಜಿನಂತೆ ತಾಗಬೇಕು. ನೆಲದಲ್ಲಿ ನಿಂತೇ ಮದ್ದು ಬಿಡುವ ಉದ್ದನೆಯ ಕಾರ್ಬನ್ ಫೈಬರ್ ಕೋಲಿನಲ್ಲಿ (ದೋಟಿ) ಕರೆಂಟ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದಿದ್ದರೆ ಲೈನ್ ಆಫ್ ಮಾಡಿಸದೆ ಎತ್ತಬೇಡಿ.

ಮೊದಲ ಸುತ್ತು ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನಕ್ಕೆ, ಮಳೆ ಬಿಟ್ಟು ಹೊಳವಾದ ದಿನ ನೋಡಿಕೊಂಡು. ಮಳೆಗಾಲ ಉದ್ದಕ್ಕೆ ಎಳೆದರೆ ಮೂರನೆಯದು. ಉದುರಿದ ಕೊಳೆ ಅಡಿಕೆಯನ್ನು ಹೆಕ್ಕಿ ತೋಟದಿಂದ ಹೊರಗೆ ಸಾಗಿಸಿ.

ಬೆರೆಸಿದ ಮದ್ದು ಅದೇ ದಿನ ಮುಗಿಯಬೇಕು. ರಾತ್ರಿ ಕಳೆದರೆ ಅಂಟುವ ಗುಣ ಹೋಗುತ್ತದೆ. ಸಂಜೆ ಮಿಕ್ಕಿದ್ದನ್ನು ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಗೆ ಬಿಡಿ, ಅದರ ಸೊರಗು ರೋಗಕ್ಕೂ ಇದೇ ಮದ್ದು. ಡ್ರಮ್ ಮಾತ್ರ ತೋಡಿನಲ್ಲಿ ತೊಳೆಯಬೇಡಿ, ತಾಮ್ರಕ್ಕೆ ಮೀನು ಸಾಯುತ್ತದೆ.