ರಾತ್ರಿ ಎದೆ ಉರಿದರೆ ಮೊದಲು ಎದ್ದು ಕುಳಿತುಕೊಳ್ಳಿ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದಾಸೋಹದ ಬಿಸಿ ಮಿರ್ಚಿ ಎಲೆಗೆ ಬಿದ್ದರೆ ಬೇಡ ಅನ್ನುವವರು ಯಾರು? ಜಾತ್ರೆ ಇಲ್ಲದ ದಿನವೂ ನಮ್ಮ ಕಡೆ ಬೆಳಗಾದರೆ ಮಂಡಾಳು ಒಗ್ಗರಣೆ, ಎರಡು ಮಿರ್ಚಿ, ಮೇಲೊಂದು ಖಡಕ್ ಚಹಾ. ರಾತ್ರಿಯೂ ಅಂಥದ್ದೇ ಖಾರ ತಿಂದು ಹಾಸಿಗೆಗೆ ಒರಗಿದರೆ ಎದೆಯ ನಡುವೆ ಉರಿ ಏಳುತ್ತದೆ, ಗಂಟಲಿಗೆ ಹುಳಿ ನೀರು ಬರುತ್ತದೆ.

ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಬಿಗಿ ಸ್ನಾಯು ಇದೆ. ಚೀಲದ ಬಾಯಿಗೆ ಕಟ್ಟಿದ ದಾರದ ಹಾಗೆ. ಹೊಟ್ಟೆ ಬಿರಿಯುವಷ್ಟು ಉಂಡಾಗ, ಕರಿದದ್ದು ಜಾಸ್ತಿಯಾದಾಗ ಅದು ಸಡಿಲಾಗಿ ಆಸಿಡ್ ಮೇಲೆ ಬರುತ್ತದೆ. ಮಲಗಿದರೆ ಇನ್ನೂ ಸಲೀಸು.

ಅದಕ್ಕೇ ಮೊದಲ ಕೆಲಸ ಎದ್ದು ಕೂರುವುದು. ಸೊಂಟದ ಪಟ್ಟಿ, ಸೀರೆಯ ಗಂಟು ಸಡಿಲಿಸಿ. ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ.

ಆಮೇಲೆ ಮಜ್ಜಿಗೆ. ಅಂದಿನ ಮೊಸರು ಒಂದು ಪಾಲು, ನೀರು ನಾಲ್ಕು ಪಾಲು. ಕಡೆದು ಬೆಣ್ಣೆ ತೆಗೆದು ಚಿಟಿಕೆ ಜೀರಿಗೆ ಪುಡಿ ಹಾಕಿ. ಹಸಿಮೆಣಸಿನಕಾಯಿ ಬೇಡ, ಹುಳಿ ಮಜ್ಜಿಗೆ ಬೇಡವೇ ಬೇಡ. ಜೀರಿಗೆ ಕುದಿಸಿದ ನೀರು, ಸೋಂಪು ಕೆಲವರಿಗೆ ಒಗ್ಗುತ್ತವೆ, ಎಲ್ಲರಿಗೂ ಅಲ್ಲ. ಪುದೀನ ತಂಪು ಅಂತ ನಂಬಿದ್ದೇವೆ, ಆದರೆ ಅದು ಆ ಸ್ನಾಯುವನ್ನೇ ಸಡಿಲಿಸಬಹುದು. ಕೆನೆಹಾಲು ಕುಡಿದಾಗ ಹಾಯೆನಿಸಿದರೂ ಸ್ವಲ್ಪ ಹೊತ್ತಿಗೆ ಉರಿ ಮರಳಬಹುದು. ಅಡುಗೆ ಸೋಡಾ ಆಸಿಡ್ ಕಡಿಮೆ ಮಾಡುವುದು ನಿಜ. ಅದರಲ್ಲಿ ಸೋಡಿಯಂ ಜಾಸ್ತಿ, ಹಾಗಾಗಿ ಬಿಪಿ ಇರುವವರು, ಗರ್ಭಿಣಿಯರು ಮುಟ್ಟಬಾರದು. ಉಳಿದವರಿಗೂ ದಿನಾ ಒಳ್ಳೆಯದಲ್ಲ.

ಇಷ್ಟೆಲ್ಲಾ ಹೇಳಿದರೂ ನಾನು ಹೆಚ್ಚು ನಂಬುವುದು ಎರಡು ಇಟ್ಟಿಗೆಯನ್ನು. ನಮ್ಮ ಅಪ್ಪ ವರ್ಷಗಟ್ಟಲೆ ಮೂರು ದಿಂಬು ಪೇರಿಸಿ ಮಲಗುತ್ತಿದ್ದರು. ದಿಂಬು ಜಾಸ್ತಿಯಾದರೆ ಕುತ್ತಿಗೆ ಬಾಗುತ್ತದೆ, ಹೊಟ್ಟೆ ಮಡಚಿ ಒತ್ತಡ ಬೀಳುತ್ತದೆ. ಕೊನೆಗೆ ಮಂಚದ ತಲೆಕಡೆಯ ಎರಡೂ ಕಾಲಿನ ಕೆಳಗೆ ಒಂದರ ಮೇಲೊಂದು ಎರಡೆರಡು ಇಟ್ಟಿಗೆ ಇಟ್ಟೆವು. ಜಾರದಿರಲಿ ಅಂತ ಅಡಿಗೆ ಗೋಣಿ ತುಂಡು. ಸುಮಾರು 6 ಇಂಚು ಎತ್ತರವಾಯಿತು. ಮೊದಲ ವಾರ ಕೆಳಗೆ ಜಾರಿದ ಹಾಗಾಗುತ್ತದೆ ಅಂತ ಗೊಣಗಿದರು. ಆಮೇಲೆ ರಾತ್ರಿ ಎದ್ದು ಕೂರುವುದೇ ಕಡಿಮೆಯಾಯಿತು.

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಚಾಪೆ ಹಾಸುವವರಿಗೆ ಇಟ್ಟಿಗೆ ನಡೆಯುವುದಿಲ್ಲ ಅಲ್ವಾ? ಅವರು ಎಡಮಗ್ಗುಲಿಗೆ ಮಲಗಲಿ. ಹೊಟ್ಟೆಯ ಚೀಲ ಎಡಕ್ಕಿದೆ. ಆ ಮಗ್ಗುಲಲ್ಲಿ ಆಸಿಡ್ ಕೆಳಗೇ ನಿಲ್ಲುತ್ತದೆ.

ಇನ್ನು ಊಟದ ಹೊತ್ತು. ಬಿಸಿಲಿಗೆ ಹೆದರಿ ರಾತ್ರಿ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುತ್ತೇವೆ. ಊಟಕ್ಕೂ ನಿದ್ದೆಗೂ 3 ಗಂಟೆ ಅಂತರ ಬೇಕು. ತಡವಾದ ದಿನ ಒಂದು ಬಟ್ಟಲು ಜೋಳದ ಅಂಬಲಿ ಸಾಕು. ಗುಟ್ಕಾ, ಬೀಡಿ ಬಿಡದೆ ಯಾವ ಮನೆಮದ್ದೂ ನಿಲ್ಲುವುದಿಲ್ಲ.

ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಉರಿದರೆ, ನುಂಗಲು ಕಷ್ಟವಾದರೆ, ಸುಮ್ನೆ ತೂಕ ಇಳಿದರೆ ಡಾಕ್ಟರ್ ಹತ್ತಿರ ಹೋಗಿ. ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅವತ್ತೇ ಹೋಗಿ. ಎದೆ ಹಿಂಡಿ ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ಉಸಿರು ಕಟ್ಟಿದರೆ ಅದನ್ನು ಗ್ಯಾಸ್ ಅನ್ನಬೇಡಿ. ಸೋಡಾ ಕಲಸುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.